ಐಸ್ ಡಬ್ಬಿಯಲ್ಲಿ ಕುಲ್ಫಿ ಇಲ್ಲ

“ಏ ರತ್ನಾ, ಆ ಡಬ್ಬಿಯಾಗ ಏನದ?” ಬಸವಕಿರಣ ಓಣಿಯಿಂದಲೇ ಕೂಗಿದ.

ಮನೆ ಮುಂದಿನ ಕಟ್ಟೆಯ ಮೇಲೆ ನೀಲಿ ಐಸ್ ಡಬ್ಬಿ ಇತ್ತು. ಅದನ್ನು ಕಾಯುತ್ತ ಕೂತಿದ್ದ ರತ್ನಮಾಲಾಳಿಗೆ ನಿಜ ಹೇಳಲು ಬಾಯೇ ಬರಲಿಲ್ಲ.

“ಕುಲ್ಫಿ,” ಅಂದುಬಿಟ್ಟಳು.

ಒಳಗಿದ್ದದ್ದು ಅವಳ ತಮ್ಮನ ಮಲದ ಸ್ಯಾಂಪಲ್! ಅದನ್ನು ಯಾರಾದರೂ ಗೆಳೆಯರ ಮುಂದೆ ಹೇಳುತ್ತಾರೆಯೇ?

ನಾಲ್ಕು ವರ್ಷದ ಸುಮೇಧ ಹೋದ ವಾರ ಜ್ವರ ಬಂದು ಮಲಗಿದ್ದ. ಎದ್ದು ನಡೆಯಲು ಹೋದರೆ ದೊಪ್ಪನೆ ಬಿದ್ದ. ಎಡಗಾಲಿನಲ್ಲಿ ಬಲವೇ ಇರಲಿಲ್ಲ. ಸುದ್ದಿ ಕೇಳಿದ್ದೇ ತಡ, ಆಶಾ ಕಾರ್ಯಕರ್ತೆ ಅಕ್ಬರಿ ಆಪಾ ಫೋನ್ ಹಚ್ಚಿದರು. ಹುಮನಾಬಾದಿನಿಂದ ಡಾಕ್ಟರು ಅವರ ಊರು ದುಬಲಗುಂಡಿಗೇ ಬಂದು ಕಾಲನ್ನು ಮಡಚಿ, ಬಿಡಿಸಿ ನೋಡಿದರು.

“ಪೋಲಿಯೋ ಇರಲಿಕ್ಕಿಲ್ಲ. ಆದ್ರೂ ಟೆಸ್ಟ್ ಆಗಲೇಬೇಕು. ಎರಡು ಸಲ ಸ್ಯಾಂಪಲ್ ಬೇಕು,” ಅಂದಿದ್ದರು.

ಮೊದಲನೆಯದು ನಿನ್ನೆಯೇ ಸಿಕ್ಕಿತ್ತು. ಇವತ್ತು ಮಾತ್ರ ಸುಮೇಧ ಎಲ್ಲರನ್ನೂ ಕುಣಿಸಿದ. “ನಂಗ ಬರೂದಿಲ್ಲ!” ಎಂದು ಬೆಳಿಗ್ಗೆಯಿಂದ ಒಂದೇ ಹಟ. ಆಪಾ ಬಾಳೆಹಣ್ಣು ತಿನ್ನಿಸಿದರು, ಹಾಡು ಹೇಳಿದರು, ಕಡೆಗೆ ಕೋಳಿಯ ಹಾಗೆ ಕೂಗಿದರು. ಮಧ್ಯಾಹ್ನ ಅಂತೂ ಕೆಲಸ ಆಯಿತು. ಮುಖ ಒಂಚೂರೂ ಸಿಂಡರಿಸದೆ ಆಪಾ ಅದನ್ನು ಬಾಟಲಿಗೆ ತುಂಬಿ, ಐಸಿನ ನಡುವೆ ಇಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು.

“ಕುಲ್ಫಿ? ಹಂಗಾದ್ರ ನಂಗೊಂದು!” ಬಸವಕಿರಣ ಓಡಿಬಂದ. ಅವನ ಹಿಂದೆ ಇನ್ನಿಬ್ಬರು. ಕಣ್ಣು ಮಿಟುಕಿಸುವುದರೊಳಗೆ ಅವನ ಕೈ ಮುಚ್ಚಳದ ಮೇಲಿತ್ತು.

ರತ್ನಮಾಲಾ ಮುಚ್ಚಳವನ್ನು ಒತ್ತಿ ಹಿಡಿದಳು. ಮುಚ್ಚಳ ತೆಗೆದರೆ ತಂಪು ಹೋಗುತ್ತದೆ, ತಂಪು ಹೋದರೆ ಸ್ಯಾಂಪಲ್ ಕೆಡುತ್ತದೆ ಎಂದು ಆಪಾ ಹೇಳಿದ್ದರು. ಅದು ಕೆಟ್ಟರೆ ಸುಮೇಧನ ಕಾಲಿಗೆ ಏನಾಗಿದೆ ಅಂತ ಗೊತ್ತಾಗುವುದು ಹೇಗೆ?

“ಮುಟ್ಟಬ್ಯಾಡ! ಅದು ಕುಲ್ಫಿ ಅಲ್ಲ, ನಮ್ಮ ತಮ್ಮನ ಸಂಡಾಸ!”

ಬಸವಕಿರಣ ಕೈ ಹಿಂದಕ್ಕೆಳೆದುಕೊಂಡ. ಆ ಕೈಯನ್ನು ಪಕ್ಕದವನ ಅಂಗಿಗೆ ಒರೆಸಿದ. ಆಮೇಲೆ ನೋಡಬೇಕು ಆ ನಗು! ರತ್ನಮಾಲಾಳ ಕಣ್ಣಲ್ಲಿ ನೀರೇ ಬಂತು.

“ನಗ್ರಿ, ನಗ್ರಿ,” ಎನ್ನುತ್ತ ಆಪಾ ಬಂದರು. “ಇದು ಹುಮನಾಬಾದಿನಿಂದ ಬೆಂಗಳೂರಿನ ಲ್ಯಾಬಿಗೆ ಹೊಂಟದ. ಪೋಲಿಯೋ ಅದನೋ ಇಲ್ಲೋ ಅಲ್ಲಿ ನೋಡ್ತಾರ. ಇತ್ತಂದ್ರ ನಿಮಗೂ ಹತ್ತಬಹುದು, ಬಾಜೂಕಿನ ಚಿಟಗುಪ್ಪದ ಹುಡುಗ್ರಿಗೂ ಹತ್ತಬಹುದು. ಅದಕ್ಕ ಜಲ್ದಿ ಗೊತ್ತಾಗಬೇಕು.”

ಹುಡುಗರ ನಗು ನಿಂತಿತು. ಬಸವಕಿರಣ ತನ್ನ ಕಾಲನ್ನೊಮ್ಮೆ ನೋಡಿಕೊಂಡ.

ಆಪಾ ಅವರನ್ನು ಬಸ್ಸಿಗೆ ಬಿಡಲು ರತ್ನಮಾಲಾಳೂ ಹೋದಳು. ಬೆಳಿಗ್ಗೆಯಿಂದ ಆಪಾ ಊಟವನ್ನೇ ಮಾಡಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು.

“ಆಪಾ, ಪೋಲಿಯೋ ಇಲ್ಲಂತ ಬಂದ್ರ? ನೀವು ಇಷ್ಟು ಓಡಾಡಿದ್ದೆಲ್ಲ ದಂಡ ಅಲ್ಲೇನ್ರಿ?”

ಆಪಾ ನಕ್ಕರು. “ದಂಡ ಆಗ್ಲಿ ಬೇಟಾ. ದಂಡ ಆಗ್ಲಿ ಅಂತನೇ ದುವಾ ಮಾಡಾಕತ್ತೇನಿ.”

ಅಷ್ಟರಲ್ಲಿ ಹುಮನಾಬಾದಿನ ಬಸ್ಸು ಬಂತು. ಒಳಗೆ ಕಾಲಿಡಲೂ ಜಾಗವಿಲ್ಲ. ಆಪಾ ಡಬ್ಬಿ ಹಿಡಿದು ಹೇಗೋ ಹತ್ತಿದರು.

“ಡಬ್ಬಿ ಅಲ್ಲೇ ಇಂಜಿನ್ ಹತ್ರ ಇಡ್ರಿ ಅಮ್ಮಾ. ಏನದ ಅದರಾಗ?” ಕಂಡಕ್ಟರ್ ಕೇಳಿದ.

ಆಪಾ ಬಾಯಿ ತೆರೆಯುವ ಮೊದಲೇ ರತ್ನಮಾಲಾ ಕೆಳಗಿನಿಂದ ಜೋರಾಗಿ ಕೂಗಿದಳು. “ನಮ್ಮ ತಮ್ಮನ ಸಂಡಾಸದ ಸ್ಯಾಂಪಲ್ ರೀ! ಅದಕ್ಕ ಬಿಸಿ ತಾಗಬಾರ್ದು. ಆಪಾಗ ನೆರಳಿನ ಕಡಿ ಸೀಟು ಕೊಡ್ರಿ!”

ಇಡೀ ಬಸ್ಸು ತಿರುಗಿ ನೋಡಿತು. ರತ್ನಮಾಲಾ ತಲೆ ತಗ್ಗಿಸಲಿಲ್ಲ. ಯಾರೋ ಎದ್ದು ಕೊಟ್ಟ ಸೀಟಿನಲ್ಲಿ ಆಪಾ ಕೂತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವವರೆಗೂ ಅಲ್ಲೇ ನಿಂತಿದ್ದಳು.