ಲಿಫ್ಟಿನ ಕತೆ ಯಾರದು

“ನನ್ನ ಕತೆ ಕದ್ದಿದ್ದೀರಿ,” ಎಂದೆ.

ಕುಂಚ ತೊಳೆಯುತ್ತಿದ್ದ ನಮ್ಮ ವಾರಪತ್ರಿಕೆಯ ಚಿತ್ರಗಾರ ತಲೆಯೆತ್ತಿ ನನ್ನನ್ನು ನೋಡಿದ. ಕಿವಿಯವರೆಗೂ ಕೆಂಪಾದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಆಗಿದ್ದಿಷ್ಟು. ಹೋದ ತಿಂಗಳು ಆಫೀಸಿನ ಲಿಫ್ಟ್ ಕೆಟ್ಟು ನಾವಿಬ್ಬರೂ ಬಹಳ ಹೊತ್ತು ಅದರೊಳಗೆ ಸಿಕ್ಕಿಹಾಕಿಕೊಂಡಿದ್ದೆವು. ಅದನ್ನೇ ಕತೆ ಮಾಡಿ ವಿಶೇಷಾಂಕಕ್ಕೆ ಕೊಟ್ಟೆ. ಸಂಪಾದಕಿ, ಆಫೀಸಿಗೆಲ್ಲ ದೊಡ್ಡಮ್ಮ, ಹಿಂದಕ್ಕೆ ಕೊಟ್ಟರು. ಇದೇ ಕತೆ ಚಿತ್ರಗಾರನಿಂದ ಮೊದಲೇ ಬಂದಿದೆಯಂತೆ. ಜನ್ಮದಲ್ಲಿ ಒಂದು ಸಾಲು ಬರೆಯದವನು! ವಾರವಾರ ಕತೆ ಬರೆಯುವ ನಾನು ವಿಶೇಷಾಂಕದಲ್ಲಿ ವರ್ಷಗಟ್ಟಲೆ ಕಾದಿದ್ದ ಜಾಗ ಅದು. ಹೊಟ್ಟೆ ಉರಿಯದೇ ಇರುತ್ತದೆಯೇ?

“ಲಿಫ್ಟಲ್ಲಿ ನಾನೂ ಇದ್ದೆನಲ್ಲ,” ಎಂದ ಮೆಲ್ಲಗೆ.

“ಕತೆ ಹೊಳೆದಿದ್ದು ನನಗೆ. ಕೇಸ್ ಹಾಕ್ತೀನಿ.”

ಅಷ್ಟರಲ್ಲಿ ದೊಡ್ಡಮ್ಮ ಬಂದರು. “ಹಾಕಮ್ಮ. ಆದ್ರೆ ಕಾಪಿರೈಟ್ ಇರೋದು ಬರೆದ ಮಾತಿಗೆ, ಕಥಾವಸ್ತುವಿಗಲ್ಲ. ಹುಡುಗ ಹುಡುಗಿ ಎಲ್ಲೋ ಸಿಕ್ಕಿಹಾಕಿಕೊಂಡ್ರು ಅನ್ನೋದಕ್ಕೂ ಬೇಲಿ ಹಾಕಿದ್ರೆ ನಾಳೆಯಿಂದ ಪತ್ರಿಕೆಗೆ ಬೀಗವೇ. ಇವನದು ಓದಿದ್ಯಾ?”

“ಮೊದಲನೇ ಪುಟಕ್ಕೇ ಸಾಕಾಯ್ತು.”

“ಪೂರ್ತಿ ಓದಿ ಜಗಳ ಆಡು,” ಎಂದು ಹಾಳೆಗಳನ್ನು ಕೈಗೆ ತುರುಕಿ, ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ನಿಂತಲ್ಲೇ ಓದಿದೆ. ವಸ್ತು ಅದೇ, ಲಿಫ್ಟೂ ಅದೇ. ನನ್ನ ಕತೆಯಲ್ಲಿ ಹುಡುಗಿ ಒಳಗೊಳಗೇ ಹಂಬಲಿಸುತ್ತಾಳೆ, ಹುಡುಗ ಕಲ್ಲಿನ ಹಾಗೆ ಗೋಡೆ ನೋಡುತ್ತ ನಿಂತಿರುತ್ತಾನೆ. ಅವನ ಕತೆಯಲ್ಲಿ ಹುಡುಗ ಗೋಡೆ ನೋಡುವುದು, ಅವಳ ಮುಖ ನೋಡಿದರೆ ಗುಟ್ಟು ರಟ್ಟಾದೀತು ಎಂಬ ಹೆದರಿಕೆಗೆ. ಅವಳು ಬರೆಯುವ ಕತೆಗಳಿಗೆ ಚಿತ್ರ ಬಿಡಿಸುತ್ತ, ಪ್ರತಿ ನಾಯಕಿಗೂ ಅವಳದೇ ಕಣ್ಣು ಇಡುತ್ತಾನೆ. ಬಾಗಿಲು ತೆರೆದೊಡನೆ ಅವಳು ‘ಸದ್ಯ, ಬದುಕಿದೆ’ ಎಂದು ಓಡುತ್ತಾಳೆ. ನಿಜ, ನಾನು ಹಾಗೆಯೇ ಓಡಿದ್ದೆ. ಕೊನೆಯ ಸಾಲು ಓದುವಾಗ ಕಣ್ಣು ಮಂಜಾಯಿತು.

“ನನ್ನದು ವಾಪಸ್ ತಗೋತೀನಿ. ನಿಮ್ಮದೇ ಬರಲಿ,” ಎಂದ.

“ಬೇಡ. ನಿಮ್ಮದೇ ಚೆನ್ನಾಗಿದೆ.” ಹೇಳುವಾಗ ಸಂಕಟವಾಯಿತು. ಆದರೂ ಅದು ಸತ್ಯ. “ಆದ್ರೆ ಎರಡು ಕತೆಯಲ್ಲೂ ಹುಡುಗ ಬಾಯೇ ಬಿಡಲ್ಲ. ಈಗಲಾದ್ರೂ ಬಿಡ್ತಾನಾ, ಇಲ್ಲ ಅದನ್ನೂ ನಾನೇ ಬರೀಬೇಕಾ?”

ಅವನು ಈ ಸಲ ಗೋಡೆ ನೋಡಲಿಲ್ಲ.

“ನೀವಂದ್ರೆ ನನಗೆ ತುಂಬಾ ಇಷ್ಟ.”

ಈ ಮಾತನ್ನು ಕತೆಗಳಲ್ಲಿ ನಾನು ಎಷ್ಟು ಹುಡುಗರ ಬಾಯಲ್ಲಿ ಆಡಿಸಿಲ್ಲ! ನನಗೇ ಒಬ್ಬರು ಹೇಳಿದ್ದು ಇದೇ ಮೊದಲು. ಅವನ ಬಣ್ಣ ಮೆತ್ತಿದ ಕೈ ಹಿಡಿದುಕೊಂಡೆ.