ಮೂರು ಚಮಚ ಗ್ಲೂಕೋಸ್

ತೊಳೆದ ಬುಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರೊಳಗಿಂದ ನನ್ನನ್ನೇ ನೋಡುತ್ತಿದ್ದಳು ಓಬಳಮ್ಮ. ಗಾಜಿನಲ್ಲಿ ಅವಳ ಕಣ್ಣು ಅಂಗೈಯಷ್ಟು ಕಾಣುತ್ತಿತ್ತು.

"ಕೊಳೆ ಏನಾದ್ರೂ ಕಾಣ್ತಾ ಐತಾ?" ಎಂದೆ.

"ಊಂ ಸಾರ್. ಆ ಕಡೆ ಒಬ್ರು ನಿಂತವ್ರೆ."

ಅರವತ್ತೆರಡನೇ ಇಸವಿ. ಶಿಡ್ಲಘಟ್ಟದ ಆ ಪುಟ್ಟ ಲ್ಯಾಬಿನಲ್ಲಿ, ಹಿಪ್ಪುನೇರಳೆ ತೋಟದ ಮಣ್ಣಿನ ಬೂಷ್ಟನ್ನು ಬುಡ್ಡಿಗಳಲ್ಲಿ ಬೆಳೆಸಿ, ರೇಷ್ಮೆಹುಳುವಿನ ರೋಗಕ್ಕೆ ಔಷಧಿ ತೆಗೆಯಲು ಹೊರಟಿದ್ದೆವು. ಬೂಷ್ಟಿಗೆ ಊಟ ಹಾಕುವವನು ನಾನು, ಜಮೀನಿರುವ ಮನೆಯ ಮಗ ರಾಮಾಂಜಿನಪ್ಪ. ಬುಡ್ಡಿ ತೊಳೆಯುವವಳು ಅವಳು, ಜಂಗಮಕೋಟೆಯ ಕೇರಿಯವಳು.

ಬೇಗ ಫಲ ತೋರಿಸುವ ಆಸೆಗೆ, ಒಂದು ಚಮಚ ಹಾಕುವಲ್ಲಿ ಮೂರು ಚಮಚ ಗ್ಲೂಕೋಸ್ ಸುರಿದೆ. ಅವಳು ನಕ್ಕಳು.

"ಸೊಪ್ಪು ಮೇಯೋ ಹುಳ ಗೂಡು ಕಟ್ಟಲ್ಲ ಸಾರ್. ಮೇಯೋದು ಬಿಟ್ಮೇಲೇನೇ ನೂಲು ಬಿಡೋದು."

"ಇದು ಸೈನ್ಸ್ ಕಣೇ."

ಬೂಷ್ಟು ಕೊಬ್ಬಿ ಬೆಳೆಯಿತು. ಔಷಧಿ ಮಾತ್ರ ಒಂದು ಹನಿಯೂ ಇಲ್ಲ.

ಬುಡ್ಡಿಯ ಕೊಳೆಯಿಂದಲೇ ಹೀಗಾಯಿತೆಂದು ಮೇಲಧಿಕಾರಿ ಲಕ್ಷ್ಮಯ್ಯನವರು ಎಲ್ಲರೆದುರು ಅವಳ ಕೈ ನೋಡಿದರು. "ಕೇರಿ ಕೈ. ಎಷ್ಟು ತೊಳೆದ್ರೂ ಅಷ್ಟೇ. ನಾಳೆಯಿಂದ ಬರಬೇಡ."

ಅವಳು ನನ್ನತ್ತ ನೋಡಿದಳು. ನಡುವೆ ಗಾಜಿರಲಿಲ್ಲ. ನಾನು ನೆಲ ನೋಡಿದೆ.

ಮುಂದಿನ ವಾರ ಬುಡ್ಡಿಗಳನ್ನು ನಾನೇ ತೊಳೆದೆ. ಕೆಲವಕ್ಕೆ ಮೂರು ಚಮಚ ಹಾಕಿದೆ, ಕೆಲವಕ್ಕೆ ಒಂದೇ. ಮೂರು ಚಮಚದವುಗಳಲ್ಲಿ ಮತ್ತೆ ಔಷಧಿಯಿಲ್ಲ. ಒಂದು ಚಮಚದ ಬುಡ್ಡಿಯ ರಸ ಬಿದ್ದಲ್ಲೆಲ್ಲ ರೋಗಾಣು ಸತ್ತಿತ್ತು. ಸಕ್ಕರೆ ಧಾರಾಳವಾಗಿರುವ ತನಕ ಔಷಧಿ ಕಟ್ಟುವ ಎಂಜೈಮನ್ನೇ ಬೂಷ್ಟು ಹುಟ್ಟಿಸುವುದಿಲ್ಲ. ಸಕ್ಕರೆ ತೀರಿ ಹಸಿದಾಗಲೇ ಆ ಕೆಲಸ ಶುರು. ಹಸಿವೆಯೇ ಕಾಣದ ಮನೆಯಲ್ಲಿ ಹುಟ್ಟಿದ ನನಗೆ ಅದು ಹೊಳೆದಿರಲಿಲ್ಲ. ಅವಳು ಹೇಳಿದ್ದಳು. ನಾನು ಕೇಳಲಿಲ್ಲ.

ಜಂಗಮಕೋಟೆಗೆ ಹೋದೆ. ಮೇಯುವುದು ಬಿಟ್ಟು ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುತ್ತಿದ್ದಳು.

"ತಪ್ಪು ನಂದು ಓಬಳಮ್ಮ. ನೀನಂದ್ರೆ ನಂಗೆ ಪ್ರಾಣ."

"ಪ್ರಾಣ ಇಟ್ಕೊಂಡೋರಿಗೆ ಅವತ್ತು ಬಾಯಿ ಇರ್ಲಿಲ್ವಾ?" ತಲೆ ಎತ್ತಲಿಲ್ಲ. "ಹುಳದ ಮುಂದೆ ಹೇಳಿದ್ರೆ ಏನ್ ಬಂತು? ಅಲ್ಲಿ ಹೇಳಿ. ಹನ್ನೊಂದು ಗಂಟೆಗೆ ಬಸ್ಸೈತೆ. ನಾನೂ ಬರ್ತೀನಿ."

ಲ್ಯಾಬಿನಲ್ಲಿ ಎಲ್ಲರೆದುರು ಹೇಳಿದೆ, ತಪ್ಪು ಅವಳ ಕೈಯದಲ್ಲ, ನಾನು ಸುರಿದ ಸಕ್ಕರೆಯದು ಎಂದು. ನಾಲಿಗೆ ಎರಡು ಸಲ ತಡವರಿಸಿತು.

"ಹೋಗ್ಲಿ, ನಾಳೆಯಿಂದ ಬಾಮ್ಮ," ಎಂದರು ಲಕ್ಷ್ಮಯ್ಯನವರು. ಕೇರಿ ಕೈ ಅಂದ ಮಾತಿಗೆ ತಪ್ಪಾಯಿತು ಅನ್ನಲಿಲ್ಲ. ಓಬಳಮ್ಮ ಕದಲಲಿಲ್ಲ.

ನಾನು ಷರಟಿನ ತೋಳು ಮಡಚಿ, ಬ್ರಷ್ಷು ಹಿಡಿದು, ಅವಳ ಬಕೆಟ್ಟಿನ ಮುಂದೆ ಕುಳಿತು ಬುಡ್ಡಿ ತೊಳೆಯತೊಡಗಿದೆ. ನಮ್ಮ ಜನವೇ ಆದ ಗುಮಾಸ್ತರು ಬಾಯಿಬಿಟ್ಟು ನೋಡುತ್ತಿದ್ದರು.

ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಗಾಜಿನೊಳಗೆ ಅಂಗೈಯಷ್ಟು ಕಣ್ಣು, ಒದ್ದೆಯಾಗಿತ್ತು.

"ಇನ್ನೂ ಕೊಳೆ ಐತೆ ರಾಮಾಂಜಿನಪ್ಪ," ಎಂದಳು. "ಇನ್ನೊಂದ್ಸಲ ತೊಳಿ."