ಸಿದ್ದನಗುಡ್ಡದಲ್ಲಿ ಕಲ್ಲುಪುಡಿ ಜಾರಿದ ಪ್ರಕರಣ

ಆಯುಧಪೂಜೆಯ ಮಾರನೇ ದಿನ ಮಧ್ಯಾಹ್ನ ಮುಬೀನಾ ಪಾಂಡವಪುರದ ಪೊಲೀಸ್ ಠಾಣೆಗೆ ಬರುವಷ್ಟರಲ್ಲಿ ಅವಳ ಗಂಡನ ಸಾವು ‘ಅಸಹಜ ಸಾವು’ ಎಂದು ದಾಖಲಾಗಿಹೋಗಿತ್ತು. ಲಾರಿ ಚಾಲಕ ಹಫೀಜ್ ಅಂದು ಬೆಳಿಗ್ಗೆ ಸಿದ್ದನಗುಡ್ಡದ ಜಲ್ಲಿ ಕ್ರಷರಿನಲ್ಲಿ ಕಲ್ಲುಪುಡಿಯ ಗುಡ್ಡೆ ಜಾರಿ, ಲಾರಿ ಸಮೇತ ಅದರಡಿ ಹೂತುಹೋಗಿದ್ದ. ಅಪಾಯದ ಕೆಂಪು ಬಾವುಟ ನೆಟ್ಟಿದ್ದರೂ ಲೆಕ್ಕಿಸದೆ ಲಾರಿ ನುಗ್ಗಿಸಿದನೆಂದು ಅಲ್ಲಿನ ಮೇಸ್ತ್ರಿ ಚಂದ್ರಶೇಖರ ಹೇಳಿಕೆ ಕೊಟ್ಟಿದ್ದ.

“ಅಲ್ಲಾ ಕಸಮ್, ಬಾವುಟ ಕಂಡಿದ್ರೆ ನಮ್ಮೋರು ಅಂಗೇ ವಾಪಸ್ ಬರೋರು ಮೇಡಮ್ಮೋರೆ,” ಎಂದಳು ಮುಬೀನಾ. “ತಪ್ಪೆಲ್ಲ ಅವ್ರ ಮ್ಯಾಲೇ ಹಾಕ್ಬುಟ್ಟವ್ರೆ. ನಾಳೆ ನನ್ ಮಗ್ಳು, ಅಪ್ಪ ಎಂಗ್ ಸತ್ತ ಅಂದ್ರೆ ಏನ್ ಹೇಳ್ಳಿ?”

ಸತ್ತವನ ಮೇಲೆ ಗೂಬೆ ಕೂರಿಸುವಷ್ಟು ಸಲೀಸು ಕೆಲಸ ಇನ್ನೊಂದಿಲ್ಲ. ಅವನು ಎದ್ದು ಬಂದು ಅಲ್ಲ ಅನ್ನುವುದಿಲ್ಲ. ಇನ್ಸ್‌ಪೆಕ್ಟರ್ ಧನುಶ್ರೀಗೆ ಇದು ಚೆನ್ನಾಗಿ ಗೊತ್ತಿತ್ತು. ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಗುಡ್ಡೆ ಜಾರಿದಾಗ ಎದ್ದ ಬಿಳಿ ಪುಡಿ ಎಲ್ಲದರ ಮೇಲೂ ಕೂತಿತ್ತು: ಹುಣಸೆ ಮರದ ಮೇಲೆ, ನೀರಿನ ಡ್ರಮ್ಮಿನ ಮೇಲೆ, ಲಾರಿಗಳಿಗೆ ಕಟ್ಟಿದ್ದ ಚೆಂಡುಹೂವಿನ ಹಾರಗಳ ಮೇಲೆ. ಬಾವುಟ ಮಾತ್ರ ಈಗ ತಾನೇ ಅಂಗಡಿಯಿಂದ ತಂದಂತೆ ಕೆಂಪಗಿತ್ತು.

“ಮರಿಯಯ್ಯ, ಬಾವುಟದ ಬುಡಕ್ಕೆ ಒತ್ತು ಕೊಟ್ಟಿರೋ ಕಲ್ಲು ಎತ್ರಿ.”

ಹೆಡ್ ಕಾನ್‌ಸ್ಟೆಬಲ್ ಮರಿಯಯ್ಯ ಕಲ್ಲೆತ್ತಿ ಬಗ್ಗಿ ನೋಡಿದರು. “ಕೆಳ್ಗೂ ಪುಡಿ ಐತೆ ಮೇಡಂ. ಗುಡ್ಡೆ ಜಾರಿದ್ಮೇಲೆ ನೆಟ್ಟವ್ರೆ.”

“ಅದನ್ನೇ ಬರೀರಿ.”

ಗಣಿ ಇಲಾಖೆಯ ಭೂವಿಜ್ಞಾನಿ ಮಹದೇವಸ್ವಾಮಿ ಗುಡ್ಡೆಯ ನೆತ್ತಿ ಪರೀಕ್ಷಿಸಿ ಇಳಿದು ಬಂದರು. ಹಬ್ಬಕ್ಕೆಂದು ಹಿಂದಿನ ದಿನ ಲಾರಿಗಳನ್ನೆಲ್ಲ ಆ ನೆತ್ತಿಯ ಮೇಲೇ ಸಾಲಾಗಿ ನಿಲ್ಲಿಸಿ ತೊಳೆದಿದ್ದರು. ಆ ನೀರು ಗುಡ್ಡೆಯಲ್ಲಿದ್ದ ಬಿರುಕಿನಲ್ಲಿ ಇಳಿದಿತ್ತು.

“ಒಳಗೆ ದೋಸೆಹಿಟ್ಟಿನ ಹಾಗೆ ನೆಂದಿದೆ, ಮೇಲೆ ಒಣಪುಡಿ. ಒಂದು ಪದರ ಇನ್ನೊಂದನ್ನ ಹಿಡ್ಕೊಳ್ಳೋದಿಲ್ಲ. ಹಿಮದ ಬೆಟ್ಟಗಳಲ್ಲಿ ಹಿಮ ಕುಸಿಯೋದೂ ಹೀಗೇ,” ಎಂದರು. “ಇನ್ನೊಂದು ವಿಷಯ. ಜಾರದೆ ಉಳಿದ ಕಡೆ ಬಿರುಕಿಗೆ ಯಾರೋ ಸಲಿಕೆಯಲ್ಲಿ ಪುಡಿ ತುಂಬಿದ್ದಾರೆ.”

ಧನುಶ್ರೀ ಚಂದ್ರಶೇಖರನನ್ನು ಕ್ರಷರಿನ ಆಫೀಸಿನಲ್ಲೇ ಕೂರಿಸಿಕೊಂಡರು. ಅವರಿಗೆ ಅವಸರವಿರಲಿಲ್ಲ, ಅನುಮಾನವೂ ಇರಲಿಲ್ಲ.

“ಬಾವುಟ ಯಾವಾಗ ನೆಟ್ಟೆ?”

“ಬೆಳಿಗ್ಗೇನೇ.”

“ಅದರ ಕಲ್ಲಿನಡಿ ಪುಡಿ ಹೇಗೆ ಬಂತು?”

ಚಂದ್ರಶೇಖರ ಟವೆಲಿನಿಂದ ಮುಖ ಒರೆಸಿಕೊಂಡ.

“ಬಿರುಕು ಮುಚ್ಚಿದ್ದು ನೀನೇ?”

“ಊಂ. ಪೂಜೆ ಸಂಜೆ ಕಾಣ್ತು.”

“ಕಂಡಮೇಲೆ ಕೆಲಸ ನಿಲ್ಲಿಸಬೇಕಿತ್ತು.”

ಚಂದ್ರಶೇಖರ ತಲೆ ತಗ್ಗಿಸಿದ. “ಮುಂಗಾರ್ನಲ್ಲಿ ಒಂದಪ ನಿಲ್ಸಿದ್ದೆ ಮೇಡಂ. ಬಾವುಟ ನೆಟ್ಟು ಎಲ್ರುನೂ ಆಚೆ ಕಳ್ಸಿದ್ದೆ. ಗುಡ್ಡೆ ಅಲ್ಲಾಡ್ಲೇ ಇಲ್ಲ. ಅವತ್ನಿಂದ ನಾನು ‘ಬಾವುಟದ ಮೇಸ್ತ್ರಿ’. ಟೀ ಅಂಗ್ಡೀಲಿ ಕೂತ್ರೆ, ‘ಈ ಗ್ವಾಡೆ ಬೀಳ್ತದೇನೋ, ಬಾವುಟ ತತ್ತಾ ಮೇಸ್ತ್ರಿ’ ಅನ್ನೋರು. ನನ್ ಮಗನ ಮುಂದೂ ಅಂದ್ರು. ಇನ್ನೊಂದಪ ಅನ್ನಿಸ್ಕೊಳಕ್ಕೆ ಆಯ್ತಿರ್ಲಿಲ್ಲ.”

“ಹಫೀಜೂ ಆಡ್ಕೊಂಡಿದ್ನಾ?”

“ಇಲ್ಲ. ಅವ್ನೊಬ್ನೇ ನಗ್ಲಿಲ್ಲ. ಬೆಳಿಗ್ಗೆ ಲಾರಿ ನಿಲ್ಸಿ ಕೇಳ್ದ, ‘ಇವತ್ತು ಹೋಗ್ಬೋದಾ ಮೇಸ್ತ್ರಿ?’ ಅಂತ. ಹೋಗು ಅಂದೆ.”

ಧನುಶ್ರೀಗೆ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಹಾಗಂತ ಕೈ ತಡೆಯಲಿಲ್ಲ. ನಿರ್ಲಕ್ಷ್ಯದಿಂದ ಸಾವು ಮತ್ತು ಸುಳ್ಳು ಸಾಕ್ಷ್ಯ ಸೃಷ್ಟಿಯ ಆರೋಪದ ಮೇಲೆ ಸಂಜೆ ಅವನನ್ನು ಬಂಧಿಸಿದರು. ಜೀಪು ಹತ್ತುವಾಗ ಅವನು ಕೆಲಸಗಾರರತ್ತ ತಿರುಗಿ ನೋಡಿದ. ಯಾರೂ ನಗುತ್ತಿರಲಿಲ್ಲ.

ಠಾಣೆಗೆ ಬಂದು ಧನುಶ್ರೀ ಮುಬೀನಾಗೆ ಫೋನ್ ಮಾಡಿದರು.

“ಬಾವುಟ ಇರ್ಲಿಲ್ಲಮ್ಮ. ನಿಮ್ಮೋರು ಮೇಸ್ತ್ರೀನ ಕೇಳ್ಕೊಂಡೇ ಹೋಗಿದ್ದಾರೆ. ಮಗಳಿಗೆ ಹಾಗೇ ಹೇಳಿ.”